ಅಡವು ಬಿಡಿಸಿದ ಮನೆ

ಸಾಲಕ್ಕೆ ನಮ್ಮ ಕರಾವಳಿಯಲ್ಲಿ ಇರುವಷ್ಟು ಹೆಸರು ಮೀನಿಗೂ ಇಲ್ಲವೇನೋ. ಕೈಗಡ, ಅಡವು, ಈಡು, ಭೋಗ್ಯ, ಮುದ್ದತು ಕ್ರಯ. ಕಾರವಾರದ ಕೊಂಕಣಿ-ಮರಾಠಿ ಬಾಯಲ್ಲಾದರೆ ಗಹಾಣ. ಒಂದೊಂದು ಹೆಸರಿಗೂ ಒಂದೊಂದು ಗುಣ. ಕೈಗಡವೆಂದರೆ ನಾಲ್ಕು ದಿನದ ಮಾತು, ನೆರೆಮನೆಯಿಂದ ತಂದ ಸೇರು ಅಕ್ಕಿಯ ಹಾಗೆ. ಅಡವೆಂದರೆ ನಮ್ಮ ತಾಮ್ರದ ಹಂಡೆಯೋ ಕೊರಳ ಸರವೋ ಇನ್ನೊಬ್ಬರ ಪೆಟ್ಟಿಗೆಯಲ್ಲಿ ಹೋಗಿ ಕುಳಿತದ್ದು. ಭೋಗ್ಯವೆಂದರೆ ಗದ್ದೆ ನಮ್ಮದು, ಬೆಳೆ ಅವರದು. ಮುದ್ದತು ಕ್ರಯವೆಂದರೆ ಹೇಳಿದ ದಿನಕ್ಕೆ ಹಣ ಹೊಂದಿಸದಿದ್ದರೆ ಗದ್ದೆಯೂ ಅವರದೇ.

ಈ ಹೆಸರುಗಳ ಚರಿತ್ರೆಯೆಲ್ಲ ಕಾಗದಪತ್ರಗಳಲ್ಲಿ ಗಂಡಸರ ಹೆಸರಿನಲ್ಲಿಯೇ ಇದೆ. ಸಾಲ ಕೇಳಲು ಹೋದವರು ಅವರು, ಸಹಿ ಹಾಕಿದವರು ಅವರು, ಕೋರ್ಟಿಗೆ ಅಲೆದವರು ಅವರು. ಆದರೆ ಆ ಸಾಲ ತೀರಿದ್ದು ಬಹಳ ಸಲ ಅಡಿಗೆಮನೆಯಲ್ಲಿ. ಒಂದು ಹೊತ್ತಿನ ಅನ್ನ ಗಂಜಿಯಾಗಿ, ಹಬ್ಬದ ಸೀರೆ ಮುಂದಿನ ವರ್ಷಕ್ಕೆ ಹೋಗಿ, ತುಪ್ಪ ಸಂತೆಗೆ ಹೋಗಿ ಮಕ್ಕಳ ತಟ್ಟೆಗೆ ಮಜ್ಜಿಗೆ ಮಾತ್ರ ಬಂದು ತೀರಿದ ಸಾಲಗಳ ಲೆಕ್ಕ ಯಾವ ದಫ್ತರದಲ್ಲೂ ಇಲ್ಲ. ಇಂದು ನಾವು ಹೋಮ್ ಲೋನ್ ಎನ್ನುತ್ತೇವೆ, ಇಎಂಐ ಎನ್ನುತ್ತೇವೆ. ಹೆಸರು ನುಣುಪಾಗಿದೆ. ಆದರೆ ಕಂಕುಳಲ್ಲಿ ಕೂಸು, ತಲೆಯ ಮೇಲೆ ಸಾಲ ಇಟ್ಟುಕೊಂಡ ಹೆಂಗಸಿನ ಪ್ರಶ್ನೆ ಹಳೆಯದೇ: ಮನೆಯನ್ನು ಬೇಗ ಬಿಡಿಸಿಕೊಳ್ಳಬೇಕೋ, ಮಕ್ಕಳನ್ನು ಈಗ ಸುಖವಾಗಿ ಬೆಳೆಸಬೇಕೋ?

ಕಾರವಾರ ಅಂಕೋಲೆಗಳಲ್ಲಿ ಈ ಪ್ರಶ್ನೆಗೆ ಎರಡು ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಸೀಮೆ ಇಂಗ್ಲಿಷ್ ಕಂಪನಿಯ ಕೈಸೇರಿತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿ ಕಂಡು ಬೆರಗಾದ ಒಂದು ಸಂಗತಿಯೆಂದರೆ, ಈ ಸೀಮೆಯಲ್ಲಿ ಭೂಮಿ ಜನರ ಸ್ವಂತ ಆಸ್ತಿಯಾಗಿತ್ತು. ಅದನ್ನು ಮಾರುತ್ತಿದ್ದರು, ಕೊಳ್ಳುತ್ತಿದ್ದರು, ಅಡವು ಇಡುತ್ತಿದ್ದರು. ಅದಕ್ಕೆಲ್ಲ ಬರೆಹದ ಪತ್ರಗಳಿದ್ದವು. ಎಂದರೆ ನಮ್ಮ ಕಡೆಯವರಿಗೆ ಅಡವಿನ ವಿದ್ಯೆಯನ್ನು ಬ್ಯಾಂಕಿನವರು ಬಂದು ಕಲಿಸಲಿಲ್ಲ. ಅದು ಇಲ್ಲಿಯ ಗಜನಿ ಗದ್ದೆಗಳಷ್ಟೇ ಹಳೆಯದು.

ಒಡೆತನ ಇದ್ದವರಿಗೆ ಅಡವು. ಇಲ್ಲದವರಿಗೆ? ಅವರಿಗೆ ಗೇಣಿ. ಮೂಲಗೇಣಿಯಾದರೆ ಗೇಣಿ ನಿಗದಿಯಾಗಿ ತಲೆಮಾರಿನಿಂದ ತಲೆಮಾರಿಗೆ ಒಕ್ಕಲು ಮುಂದುವರಿಯುತ್ತಿತ್ತು. ಚಾಲಗೇಣಿಯವನ ಪಾಡು ಬೇರೆ. ಒಡೆಯನ ಮನಸ್ಸು ತಿರುಗಿದರೆ ಒಕ್ಕಲು ತಿರುಗಿದಂತೆಯೇ. ಅವನಿಗೆ ಅಡವು ಇಡಲು ನೆಲವಿಲ್ಲ, ಹಾಗಾಗಿ ಹಂಡೆ ಚೊಂಬುಗಳೇ ಹೋಗಬೇಕು, ಇಲ್ಲವೇ ಹೆಂಡತಿಯ ಮೈಮೇಲಿನ ಗುಂಜಿ ಚಿನ್ನ.

ಭೋಗ್ಯದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಇಂದಿನ ಗೃಹಸಾಲಕ್ಕೂ ಅದಕ್ಕೂ ಇರುವ ಭೇದದಲ್ಲಿಯೇ ನಮ್ಮ ಲೆಕ್ಕದ ಕೀಲಿಕೈ ಇದೆ. ಸಾಲ ಕೊಟ್ಟವನು ಗದ್ದೆಯನ್ನು ತನ್ನ ವಶಕ್ಕೆ ತೆಗೆದುಕೊಂಡು ಬೆಳೆ ಉಣ್ಣುತ್ತಾನೆ. ಆ ಬೆಳೆಯೇ ಅವನ ಬಡ್ಡಿ. ಸಾಲಗಾರ ಪ್ರತಿವರ್ಷ ಏನೂ ಕೊಡಬೇಕಿಲ್ಲ. ಆದರೆ ಅಸಲು ಒಂದು ಕಾಸೂ ಇಳಿಯುವುದಿಲ್ಲ. ಇನ್ನೂರು ರೂಪಾಯಿಗೆ ಭೋಗ್ಯಕ್ಕೆ ಹೋದ ಗದ್ದೆ ಹತ್ತು ವರ್ಷದ ಮೇಲೂ ಇನ್ನೂರು ರೂಪಾಯಿಯ ಗದ್ದೆಯೇ. ಹತ್ತು ಬೆಳೆ ಹೋದವು, ಅಸಲು ಕಲ್ಲಿನಂತೆ ಕುಳಿತಿದೆ. ಅದನ್ನು ಬಿಡಿಸಲು ಇನ್ನೂರು ರೂಪಾಯಿ ಒಟ್ಟಿಗೇ ಬೇಕು. ಬೆಳೆಯೇ ಇಲ್ಲದ ಮನೆಯಲ್ಲಿ ಒಟ್ಟಿಗೆ ಇನ್ನೂರು ಎಲ್ಲಿಂದ ಬಂದೀತು? ಹೀಗಾಗಿಯೇ ಅಜ್ಜ ಇಟ್ಟ ಭೋಗ್ಯವನ್ನು ಮೊಮ್ಮಗ ಬಿಡಿಸಿದ ಕಥೆಗಳು, ಬಿಡಿಸಲಾಗದೆ ಹೋದ ಕಥೆಗಳು, ನಮ್ಮಲ್ಲಿ ಮನೆಮನೆಗೆ ಇವೆ.

ಕಾನೂನು ಇವರ ಕಡೆಗೆ ಒಂದು ಕಣ್ಣನ್ನಾದರೂ ಇಟ್ಟಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು, ಜಿಲ್ಲಾ ನ್ಯಾಯಾಲಯವೂ ಬಂತು. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ಕವಿ ಬಂದು ಕಡಲ ತೀರದಲ್ಲಿ ಓಡಾಡಿದ್ದನ್ನು ಕಾರವಾರದವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಹೊತ್ತಿಗೆ, 1882ರಲ್ಲಿ, ಆಸ್ತಿ ಹಸ್ತಾಂತರ ಕಾಯಿದೆ ಬಂತು. ಮುಂಬಯಿ ಪ್ರಾಂತಕ್ಕೆ ಅದು ಅನ್ವಯಿಸಿದ್ದು 1893ರ ಜನವರಿ 1ರಿಂದ. ಅಡವಿನ ಬೇರೆಬೇರೆ ಬಗೆಗಳನ್ನು ಅದು ವಿಂಗಡಿಸಿತು. ಅದರ ತಿರುಳು ಮಾತ್ರ ಒಂದೇ ಮಾತಿನಲ್ಲಿದೆ: ಒಮ್ಮೆ ಅಡವಾದದ್ದು ಕೊನೆಯವರೆಗೂ ಅಡವೇ. ಸಾಲ ತೀರಿಸಿದರೆ ಆಸ್ತಿ ಹಿಂದಿರುಗಲೇಬೇಕು; ಆ ಹಕ್ಕನ್ನು ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ.

ಅಡವು ಬಿಡಿಸಲು ದಾವೆ ಹೂಡುವುದಕ್ಕೆ ಹಿಂದೆ 60 ವರ್ಷಗಳ ಅವಧಿಯಿತ್ತು. 1963ರ ಕಾಲಮಿತಿ ಕಾಯಿದೆ ಅದನ್ನು 30 ವರ್ಷಕ್ಕೆ ಇಳಿಸಿತು. ಭೋಗ್ಯದ ಮಾತು ಬೇರೆಯೆಂದು 2014ರಲ್ಲಿ ಸುಪ್ರೀಮ್ ಕೋರ್ಟು ಹೇಳಿತು: ಭೋಗ್ಯ ಬರೆದ ದಿನದಿಂದ 30 ವರ್ಷ ಕಳೆಯಿತು ಎಂಬ ಒಂದೇ ಕಾರಣಕ್ಕೆ ಸಾಲ ಕೊಟ್ಟವನು ಗದ್ದೆಯ ಒಡೆಯನಾಗುವುದಿಲ್ಲ. ಹಳೆಯ ಹಿಂದೂ ಧರ್ಮಶಾಸ್ತ್ರದಿಂದ ಬಂದ ದಾಮದುಪಟ ಎಂಬ ಇನ್ನೊಂದು ಕಟ್ಟಳೆಯೂ ಮುಂಬಯಿ ಪ್ರಾಂತದ ಕೋರ್ಟುಗಳಲ್ಲಿ ನಡೆಯುತ್ತಿತ್ತು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿಯ ಬಾಕಿ ಅಸಲನ್ನು ಮೀರಬಾರದು ಎಂಬುದು ಅದರ ಅರ್ಥ. ಬಡ್ಡಿ ಅಸಲಿನ ಹೆಗಲವರೆಗೆ ಬೆಳೆಯಬಹುದು, ತಲೆ ಮೀರಿ ಬೆಳೆಯಬಾರದು.

ಆದರೆ ಕಾನೂನು ಒಂದು ಬಾಗಿಲು ಮುಚ್ಚಿದರೆ ಸಾಲ ಕೊಡುವವನು ಕಿಟಕಿ ಹುಡುಕುತ್ತಾನೆ. ಮುದ್ದತು ಕ್ರಯದಲ್ಲಿ ಎರಡು ಬೇರೆ ಕಾಗದ ಮಾಡಿಸುವ ಪದ್ಧತಿ ಹೀಗೆಯೇ. ಒಂದರಲ್ಲಿ ಗದ್ದೆ ಮಾರಿದ್ದಾಗಿ, ಇನ್ನೊಂದರಲ್ಲಿ ಇಂಥ ದಿನದೊಳಗೆ ಹಣ ತಂದರೆ ಮರಳಿ ಮಾರುವುದಾಗಿ. 1929ರ ತಿದ್ದುಪಡಿಯಂತೆ, ಮರಳಿಸುವ ಷರತ್ತು ಮಾರಾಟದ ಅದೇ ಕಾಗದದಲ್ಲಿ ಇಲ್ಲದಿದ್ದರೆ ಅದನ್ನು ಅಡವೆಂದು ಎಣಿಸುವಂತಿಲ್ಲ. ಓದುಬರಹ ಬಾರದವನಿಗೆ ಒಂದು ಕಾಗದಕ್ಕೂ ಎರಡು ಕಾಗದಕ್ಕೂ ಇರುವ ವ್ಯತ್ಯಾಸ ಏನು ತಿಳಿಯಬೇಕು? ಹೆಬ್ಬೆಟ್ಟಿನ ಮಸಿ ಒಣಗುವುದರೊಳಗೆ ಅಡವು ಮಾರಾಟವಾಗಿ ಹೋಗಿರುತ್ತಿತ್ತು. ಕಾಗದವನ್ನು ಓದಿ ಸಹಿ ಹಾಕಬೇಕು ಎಂದು ನಮ್ಮ ಹಿರಿಯರು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನು ಚಿನ್ನ. ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸ್ತ್ರೀಧನದ ಒಂದು ನಿಯಮವಿದೆ. ಬರಗಾಲ, ಧರ್ಮಕಾರ್ಯ, ರೋಗ, ಸೆರೆ ಇಂಥ ಆಪತ್ತಿನಲ್ಲಿ ಗಂಡ ಹೆಂಡತಿಯ ಒಡವೆಯನ್ನು ತೆಗೆದುಕೊಂಡರೆ ಹಿಂದಿರುಗಿಸಲೇಬೇಕೆಂಬ ಕಟ್ಟಿಲ್ಲ. ಉಳಿದ ಯಾವ ಕಾರಣಕ್ಕೂ ಅದು ಅವಳದೇ. ನಮ್ಮ ಮನೆಗಳಲ್ಲಿ ನಡೆದದ್ದನ್ನು ನೋಡಿದರೆ ಎಲ್ಲ ಕಾಲವೂ ಆಪತ್ಕಾಲವೇ ಆಗಿತ್ತು ಎನ್ನಬೇಕು. ಮಳೆಗಾಲ ಶುರುವಾಗುವ ಮೊದಲು ಬೀಜಕ್ಕೆಂದು ಬಳೆ ಅಡವಿಗೆ ಹೋಗುತ್ತಿತ್ತು, ಸುಗ್ಗಿಯ ಮೇಲೆ ಬರುತ್ತಿತ್ತು. ಬೆಳೆ ಕೈಕೊಟ್ಟ ವರ್ಷ ಬರುತ್ತಿರಲಿಲ್ಲ. ಆದರೂ ಆ ಹೆಂಗಸರು ಒಂದು ಲೆಕ್ಕ ಇಟ್ಟಿದ್ದರು. ನನ್ನ ಅತ್ತೆ ಹೇಳುತ್ತಿದ್ದರು: "ಬಳೆ ಹೋದರೆ ಕೈ ಉಳೀತದೆ. ಗದ್ದೆ ಹೋದರೆ ಕೈಗೆ ಕೆಲಸವೇ ಇಲ್ಲ." ಅವರ ತವರಿನ ಗದ್ದೆ ಇಪ್ಪತ್ತೆರಡು ವರ್ಷ ಭೋಗ್ಯದಲ್ಲಿ ಇತ್ತು. ಅದನ್ನು ಬಿಡಿಸಿದ್ದು ಮುಂಬಯಿಗೆ ಹೋದ ಅವರ ಅಣ್ಣ ಕಳಿಸಿದ ಮನಿಯಾರ್ಡರುಗಳು. ಆ ಮನಿಯಾರ್ಡರಿನ ಹಣದಲ್ಲಿ ಒಂದು ರೂಪಾಯಿಯನ್ನೂ ಅವರ ತಾಯಿ ಮನೆಖರ್ಚಿಗೆ ಮುಟ್ಟಲಿಲ್ಲವಂತೆ.

ಅಂಕೋಲೆಯ ಚರಿತ್ರೆಯಲ್ಲಿ ಮನೆಮಾರು ಕಳೆದುಕೊಂಡ ಇನ್ನೊಂದು ಅಧ್ಯಾಯವಿದೆ. ಅದು ಸಾಲದಿಂದಲ್ಲ, ಛಲದಿಂದ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದದ್ದು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೆ ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆಯ ಚಳವಳಿ ನಡೆಯಿತು. ಕಂದಾಯ ಕೊಡುವುದಿಲ್ಲ ಎಂದ ರೈತರ ಜಮೀನು, ದನಕರು, ಪಾತ್ರೆಪಗಡಿಗಳನ್ನು ಸರಕಾರ ಜಪ್ತಿ ಮಾಡಿತು, ಹರಾಜು ಹಾಕಿತು. ಅದು ಜಗತ್ತಿನಲ್ಲೆಲ್ಲ ಧಾನ್ಯದ ಬೆಲೆ ಕುಸಿದ ಕಾಲ; ಉಳ್ಳವರಿಗೂ ಕೈಯಲ್ಲಿ ಕಾಸಿಲ್ಲ. ಗಂಡಸರು ಜೈಲಿಗೆ ಹೋದರು. ಮನೆಯಿಂದ ಹೊರಬಿದ್ದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮಾಡಿದ ಸಂಸಾರ ನೆನೆದರೆ ಮೈ ಜುಮ್ಮೆನ್ನುತ್ತದೆ.

1932ರಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ ಆ ಹೆಂಗಸರು ಮಾಡಿದ ಕೆಲಸವನ್ನು ನಮ್ಮ ಶಾಲಾ ಪುಸ್ತಕಗಳು ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಬೇಕಿತ್ತು. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಅವರು ಉಪವಾಸ ಕುಳಿತರು. ಕಲ್ಲೆಸೆಯಲಿಲ್ಲ, ಬಾಗಿಲಿನಲ್ಲಿ ಕುಳಿತರು, ಅಷ್ಟೆ. ಕೊಂಡವನು ಅವರನ್ನು ದಾಟಿಕೊಂಡು ಹೊರಗೆ ಬರಬೇಕು, ದಾಟಿಕೊಂಡು ಒಳಗೆ ಹೋಗಬೇಕು. ಮನೆ ಎಂದರೆ ಏನು ಎಂಬುದನ್ನು ಅವನಿಗೆ ಅದಕ್ಕಿಂತ ಚೆನ್ನಾಗಿ ತಿಳಿಸುವ ದಾರಿ ಇರಲಿಲ್ಲ. ಆ ಸ್ತ್ರೀಯರ ನೆನಪಿಗೆ ಮಾವಿನಗುಂಡಿಯಲ್ಲಿ ಸ್ಮಾರಕವಿದೆ. ಜೋಗಕ್ಕೆ ಹೋಗುವವರು ಐದು ನಿಮಿಷ ಅಲ್ಲಿ ನಿಲ್ಲಬಹುದು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಿಯಾದ ಜಮೀನುಗಳನ್ನು ಮೂಲದವರಿಗೆ ಹಿಂತಿರುಗಿಸುವ ಕೆಲಸ ನಡೆಯಿತು. ದೇಶಕ್ಕಾಗಿ ಹೋದ ಗದ್ದೆ ಹೀಗೆ ಮರಳಿ ಬಂತು. ಆದರೆ ಅದೇ ವರ್ಷಗಳಲ್ಲಿ ಬಡ್ಡಿಗೆ ಹೋದ ಗದ್ದೆಗಳನ್ನು ಹಾಗೆ ಮರಳಿ ಕೊಡಿಸಿದವರಿಲ್ಲ. ಸಾಲದಲ್ಲಿ ಮನೆ ಕಳೆದುಕೊಂಡವಳಿಗೆ ಸ್ಮಾರಕವೂ ಇಲ್ಲ.

ಒಟ್ಟಿಗೆ ಕೂಡದ ಹಣ ಚೂರುಚೂರಾಗಿ ಕೂಡಬಹುದು ಎಂಬ ಬುದ್ಧಿ ನಮ್ಮ ಕನ್ನಡ ನಾಡಿಗೆ ಬೇಗನೇ ಬಂತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಜಿಲ್ಲೆಗೂ ಸಹಕಾರ ಬಂದು ಶಿರಸಿಯಲ್ಲಿ ಕೇಂದ್ರ ಬ್ಯಾಂಕು ನಿಂತಿತು. ದಕ್ಷಿಣದ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು 1928ರಲ್ಲಿ ಪಿಗ್ಮಿ ಎಂಬ ಠೇವಣಿ ಶುರುಮಾಡಿತು. ದಿನಕ್ಕೆ ಎರಡು ಆಣೆ. ಏಜೆಂಟನೇ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬ್ಯಾಂಕಿನ ಹೆಸರು ಹೋದರೂ ಪಿಗ್ಮಿ ಎಂಬ ಮಾತು ನಮ್ಮ ಪೇಟೆಯ ಬೀದಿಗಳಲ್ಲಿ ಉಳಿದಿದೆ. ಮೀನು ಮಾರುವವಳು, ಹೂವಿನವಳು, ಹೊಲಿಗೆಯವಳು ತನ್ನ ಹೆಸರಿನಲ್ಲಿ ತಾನೇ ಹಣ ಕಟ್ಟಿದ ಮೊದಲ ಪುಸ್ತಕ ಬಹಳ ಮನೆಗಳಲ್ಲಿ ಪಿಗ್ಮಿಯದೇ.

ಗೇಣಿದಾರರ ಕಥೆ ಬೇರೆ ದಾರಿಯಲ್ಲಿ ಸಾಗಿತು. ಅಂಕೋಲೆ ತಾಲೂಕಿನ ಅಲಗೇರಿಯವರಾದ ದಿನಕರ ದೇಸಾಯಿಯವರು ರೈತಕೂಟ ಕಟ್ಟಿ ಗೇಣಿ ಇಳಿಸಲು ಹೋರಾಡಿದರು. 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಚುಟುಕುಗಳಿಂದ ನಾಡನ್ನೇ ನಗಿಸಿದ ಈ ಕವಿ ಐದು ವರ್ಷ ಹುಟ್ಟಿದೂರಿಗೆ ಕಾಲಿಡುವಂತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಜಿಲ್ಲೆಯ ಗೇಣಿದಾರರ ಅದೃಷ್ಟ ಕುಂಟಿತು. ಮುಂಬಯಿ ರಾಜ್ಯದಲ್ಲಿ 1957ರ ಏಪ್ರಿಲ್ 1ನ್ನು ಉಳುವವರ ದಿನವೆಂದು ಸಾರಿ ಗೇಣಿದಾರರಿಗೆ ಭೂಮಿ ಕೊಡಲು ಹೊರಟರು. ನಾವು 1956ರ ನವೆಂಬರ್ 1ರಂದೇ ಮೈಸೂರು ರಾಜ್ಯಕ್ಕೆ ಬಂದಿದ್ದೆವು. ಕನ್ನಡಿಗರೆಲ್ಲ ಒಂದಾದ ಸಂತೋಷದಲ್ಲಿ ಐದು ತಿಂಗಳ ಅಂತರದ ಈ ನಷ್ಟವನ್ನು ಯಾರೂ ದೊಡ್ಡದಾಗಿ ಆಡಲಿಲ್ಲ. 1961ರ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಗುವವರೆಗೆ ಇಲ್ಲಿಯವರು ಕಾಯಬೇಕಾಯಿತು.

ದೇವರಾಜ ಅರಸರ ಆ ಕಾಲದಲ್ಲಿ ಏಳನೇ ನಂಬರಿನ ಫಾರ್ಮು ತುಂಬಲು ಸಾಲು ಹಚ್ಚಿದ ಜನವನ್ನು ನೋಡಿದವರು ಇಂದೂ ಇದ್ದಾರೆ. ಹಾಗೆ ಬಂದ ಗದ್ದೆಯನ್ನು ಹಲವು ವರ್ಷ ಮಾರುವಂತಿರಲಿಲ್ಲ. ಆದರೆ ಬ್ಯಾಂಕಿಗೆ, ಸಹಕಾರಿ ಸಂಘಕ್ಕೆ ಈಡು ಮಾಡಿ ಸಾಲ ಎತ್ತಬಹುದಿತ್ತು. ತಲೆಮಾರುಗಳ ಕಾಲ ಒಕ್ಕಲಾಗಿದ್ದವನು ಮೊದಲ ಸಲ ಒಡೆಯನಾದ. ಒಡೆಯನಾದ ಮೇಲೆ ಅವನ ಪಹಣಿಯಲ್ಲಿ ಮೊದಲ ಸಲ ಬೋಜಾ ಬಿತ್ತು. ಅಡವು ಇಡುವುದಕ್ಕೂ ಒಂದು ಯೋಗ್ಯತೆ ಬೇಕು ಎಂಬ ಮಾತಿನಲ್ಲಿ ನಗುವೂ ಇದೆ, ನಿಜವೂ ಇದೆ. 1976ರಲ್ಲಿ ಕರ್ನಾಟಕ ಋಣಪರಿಹಾರ ಕಾಯಿದೆ ಬಂದು, ಸಣ್ಣ ರೈತರು, ಕೂಲಿಕಾರರು, ಬಡವರು ಲೇವಾದೇವಿಯವರಲ್ಲಿ ಮಾಡಿದ ಸಾಲ ತೀರಿತೆಂದು ಸಾರಿತು. ಅಡವಿಟ್ಟ ವಸ್ತುಗಳನ್ನು ಬಿಡಬೇಕೆಂದೂ ಹೇಳಿತು. ಬ್ಯಾಂಕು, ಸಹಕಾರಿ ಸಂಘಗಳ ಸಾಲಕ್ಕೆ ಅದು ತಗಲಲಿಲ್ಲ.

ಮನೆ ಕಟ್ಟಲು ಪೇಟೆಯ ಸಂಬಳದಾರರಿಗೆ ಸುಲಭವಾಗಿ ಸಾಲ ಸಿಗತೊಡಗಿದ್ದು ಇದೆಲ್ಲದರ ಆಮೇಲೆ. 1970ರಲ್ಲಿ ಹುಡ್ಕೋ, 1977ರಲ್ಲಿ ಎಚ್‌ಡಿಎಫ್‌ಸಿ, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಬಂದವು. ಅದಕ್ಕೆ ಮೊದಲು ಸಾಧಾರಣ ನೌಕರ ಮನೆ ಕಟ್ಟುತ್ತಿದ್ದುದು ನಿವೃತ್ತಿಯ ಹಣ ಕೈಗೆ ಬಂದಾಗ. ಮಕ್ಕಳು ಬೆಳೆದು ರೆಕ್ಕೆ ಬಲಿತು ಹಾರುವ ಹೊತ್ತಿಗೆ ಗೃಹಪ್ರವೇಶ. ಗೃಹಸಾಲ ಈ ಕ್ರಮವನ್ನೇ ತಲೆಕೆಳಗು ಮಾಡಿತು. ಮೊದಲು ಮನೆ, ಆಮೇಲೆ ಹಣ. ಕೂಸು ತೊಟ್ಟಿಲಲ್ಲಿ ಇರುವಾಗಲೇ ಸ್ವಂತ ಸೂರು. ಕಾರವಾರ ಬೆಳೆದದ್ದೂ ಆಗಲೇ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಕಡಲ ತೀರದ ಹಿತ್ತಿಲುಗಳನ್ನು ಬಿಟ್ಟೆದ್ದು ಬೇರೆಡೆ ನೆಲೆ ಹುಡುಕಿದವು. 1998ರಲ್ಲಿ ಕೊಂಕಣ ರೈಲು, 2000ದಲ್ಲಿ ಕೈಗಾದ ವಿದ್ಯುತ್ತು. ಹೊರಗಿನ ನೌಕರರು ಬಂದರು, ಜಾಗದ ಬೆಲೆ ಏರಿತು, ಸಾಲದ ಅರ್ಜಿಗಳೂ ಏರಿದವು.

ಅರ್ಜಿ ಹಾಕಿದವರಲ್ಲಿ ನಾವೂ ಒಬ್ಬರು. 1996ರ ಜೂನಿನಲ್ಲಿ ಒಂದೂವರೆ ಲಕ್ಷ ರೂಪಾಯಿ ಸಾಲ, ಶೇಕಡಾ 14ರ ಬಡ್ಡಿ, ಬದಲಾಗದ ದರ, 15 ವರ್ಷದ ಅವಧಿ. ತಿಂಗಳ ಕಂತು 1,998 ರೂಪಾಯಿ. ದೊಡ್ಡವಳಿಗೆ ಆಗ ನಾಲ್ಕು ವರ್ಷ, ಚಿಕ್ಕವನಿಗೆ ಹತ್ತು ತಿಂಗಳು. ಮೊದಲ ಕಂತು ಕಟ್ಟಿ ಬಂದ ರಾತ್ರಿ ನಾನು ಲೆಕ್ಕ ಹಾಕಿದೆ. ಒಂದೂವರೆ ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 1,750. ಎಂದರೆ ಅಸಲಿಗೆ ಹೋದದ್ದು 248 ರೂಪಾಯಿ. ವರ್ಷವಿಡೀ ಕಟ್ಟಿದ್ದು ಸುಮಾರು 24,000. ಅದರಲ್ಲಿ ಸಾಲ ಇಳಿದದ್ದು 3,170. ಅತ್ತೆಗೆ ಇದನ್ನು ಓದಿ ಹೇಳಿದಾಗ ಅವರು ಅಕ್ಕಿ ಆರಿಸುವ ಕೈ ನಿಲ್ಲಿಸದೆ, "ಇದೂ ಭೋಗ್ಯವೇ ಆಯ್ತಲ್ಲ ಮಗಳೇ" ಎಂದರು.

ಪೂರ್ತಿ ಭೋಗ್ಯವಲ್ಲ. ಭೋಗ್ಯದಲ್ಲಿ ಅಸಲು ಕಲ್ಲು. ಇಲ್ಲಿ ಅದು ಉಪ್ಪಿನ ಹರಳು. ಕರಗುತ್ತದೆ, ಆದರೆ ಮೊದಮೊದಲು ತೀರ ನಿಧಾನ. ಹಾಗಾದರೆ ಮೊದಲ ವರ್ಷಗಳಲ್ಲೇ ಅಸಲಿನ ಮೇಲೆ ಇನ್ನಷ್ಟು ನೀರು ಹೊಯ್ದರೆ? ಕಂತಿಗೆ ತಿಂಗಳಿಗೆ 500 ರೂಪಾಯಿ ಸೇರಿಸಿದರೆ ಆ 500 ಇಡಿಯಾಗಿ ಅಸಲಿಗೇ ಹೋಗುತ್ತದೆ. 248ರ ಎದುರು 500 ಎಂದರೆ ಒಂದು ತಿಂಗಳಿನಲ್ಲಿ ಮೂರು ತಿಂಗಳ ಕೆಲಸ.

ಆದರೆ ಆ 500 ಎಲ್ಲಿಂದ? ನನ್ನವರಿಗೆ ಒಮ್ಮೆಲೇ ವೀರಾವೇಶ ಬಂತು. ಹಾಲು ಅರ್ಧ ಲೀಟರಿಗೆ ಇಳಿಸೋಣ, ಕೈಯಲ್ಲಿದ್ದ ಆರು ಸಾವಿರವನ್ನೂ ಈಗಲೇ ತುಂಬಿಬಿಡೋಣ ಎಂದರು. ನಾನು ಎರಡಕ್ಕೂ ಒಪ್ಪಲಿಲ್ಲ. ಹಾಲು, ಔಷಧಿ, ಶಾಲೆ ಇವು ಮೂರನ್ನು ಮುಟ್ಟುವಂತಿಲ್ಲ. ಮೂರು ತಿಂಗಳ ಮನೆಖರ್ಚು ಯಾವಾಗಲೂ ಕೈಯಲ್ಲಿ ಇರಬೇಕು ಎಂದೆ. ನಮ್ಮಲ್ಲಿ ಒಂದು ವಾರ ಮಾತುಕತೆ ಬಿಗುವಾಗಿಯೇ ನಡೆಯಿತು. ಕೊನೆಗೆ ಅತ್ತೆ ನನ್ನ ಪಕ್ಷ ಹಿಡಿದರು. ಗದ್ದೆ ಬಿಡಿಸುವ ಆತುರದಲ್ಲಿ ಮನೆಯಲ್ಲಿ ಕಾಳು ಉಳಿಸದೆ, ಮಳೆಗಾಲದಲ್ಲಿ ಮತ್ತೆ ಸಾಲಕ್ಕೆ ಹೋಗಿ ಹೆಚ್ಚಿನ ಬಡ್ಡಿಗೆ ಬಿದ್ದವರನ್ನು ಅವರು ಕಣ್ಣಾರೆ ಕಂಡಿದ್ದರು.

ಒಂದು ವರ್ಷ ಕಾದು, ಸಂಬಳ ಸ್ವಲ್ಪ ಏರಿದ ಮೇಲೆ, 1997ರ ಜುಲೈನಿಂದ ಕಂತನ್ನು 2,498 ರೂಪಾಯಿಗೆ ಏರಿಸಿ ಬರೆಸಿಕೊಂಡೆವು. ನಾನು ಸಂಜೆ ಆರು ಮಕ್ಕಳಿಗೆ ಪಾಠ ಹೇಳತೊಡಗಿದೆ. ಹಬ್ಬಕ್ಕೆ ಹೊಸ ಬಟ್ಟೆ ಮಕ್ಕಳಿಗೆ ಮಾತ್ರ. ನನ್ನ ಅಕ್ಕಪಕ್ಕದವರ ಮನೆಗಳಿಗೆ ಕಲರ್ ಟೀವಿ ಬಂದಾಗ ನಮ್ಮ ಮಗಳು ಅಲ್ಲಿ ಕಿಟಕಿಯಲ್ಲಿ ನಿಂತು ನೋಡಿದ್ದಾಳೆ. ಅದು ನನಗೆ ನೋವಾಗಲಿಲ್ಲವೆಂದರೆ ಸುಳ್ಳಾದೀತು. 1999ರಲ್ಲಿ ಚಿಕ್ಕವನಿಗೆ ಟೈಫಾಯಿಡ್ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಆಗ ಕೈಯಲ್ಲಿ ಇಟ್ಟುಕೊಂಡಿದ್ದ ಹಣವೇ ಕಾಪಾಡಿತು. ನನ್ನ ಬಳೆ ಅಡವಿಗೆ ಹೋಗಲಿಲ್ಲ, ಆ ತಿಂಗಳ ಕಂತೂ ತಪ್ಪಲಿಲ್ಲ.

2011ರವರೆಗೆ ಇರಬೇಕಾಗಿದ್ದ ಸಾಲ 2005ರ ಅಕ್ಟೋಬರಿನಲ್ಲಿ ತೀರಿತು. ಉಳಿದದ್ದು ಸುಮಾರು 86 ಸಾವಿರ ರೂಪಾಯಿ. ಮಗಳು ಆಗ ಹತ್ತನೇ ತರಗತಿ ಮುಟ್ಟುತ್ತಿದ್ದಳು. ಅವಳ ಕಾಲೇಜಿನ ವರ್ಷಗಳಿಗೆ ತಿಂಗಳ ಎರಡೂವರೆ ಸಾವಿರ ಬಿಡುವಾಯಿತು ಎಂಬುದೇ ನಮಗೆ ಸಿಕ್ಕ ನಿಜವಾದ ಲಾಭ. ಮಕ್ಕಳು ಚಿಕ್ಕವರಿರುವಾಗ ಅವರಿಗೆ ಬೇಕಾದದ್ದು ಹಾಲು, ಅನ್ನ, ತಾಯಿಯ ಮಗ್ಗುಲು. ದೊಡ್ಡ ಖರ್ಚು ಬರುವುದು ಆಮೇಲೆ. ಸಾಲ ಅಷ್ಟರೊಳಗೆ ಮನೆಯಿಂದ ಹೊರಟಿರಬೇಕು.

ಇಂದಿನ ಲೆಕ್ಕವನ್ನೂ ನೋಡಿ. 10 ಲಕ್ಷ ಸಾಲ, ಶೇಕಡಾ 9ರ ಬಡ್ಡಿ, 20 ವರ್ಷ ಎಂದರೆ ಕಂತು 8,997 ರೂಪಾಯಿ. ಕೊನೆಗೆ ಕಟ್ಟುವ ಬಡ್ಡಿಯೇ 11 ಲಕ್ಷ 59 ಸಾವಿರ. ಅರ್ಧ ಅಸಲು ಕರಗಲು 14 ವರ್ಷ ಬೇಕು. ಮೊದಲಿನಿಂದಲೇ ತಿಂಗಳಿಗೆ ಒಂದು ಸಾವಿರ ಹೆಚ್ಚು ಕಟ್ಟಿದರೆ ಸಾಲ ಹದಿನೈದೂವರೆ ವರ್ಷಕ್ಕೆ ತೀರುತ್ತದೆ. ಸುಮಾರು 3 ಲಕ್ಷ ಬಡ್ಡಿ ಉಳಿಯುತ್ತದೆ. ಏರಿಳಿಯುವ ಬಡ್ಡಿದರದ ಗೃಹಸಾಲವನ್ನು ಬೇಗ ತೀರಿಸಿದರೆ ಬ್ಯಾಂಕು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಹೇಳಿತು. ಆದರೆ ನಿಮ್ಮ ಬಳಿ ಚಿನ್ನದ ಸಾಲವೋ ಕೈಸಾಲವೋ ಇದಕ್ಕಿಂತ ಹೆಚ್ಚಿನ ಬಡ್ಡಿಗೆ ಇದ್ದರೆ ಮೊದಲು ಅದನ್ನು ತೀರಿಸಿ. ಹೆಚ್ಚು ಕಚ್ಚುವ ಇರುವೆಯನ್ನು ಮೊದಲು ಕೊಡವಬೇಕು. ಹೆಚ್ಚುವರಿ ಹಣ ಕಟ್ಟುವಾಗ ಕಂತು ಇಳಿಸಬೇಡಿ, ಅವಧಿ ಇಳಿಸಿ ಎಂದು ಬರೆದುಕೊಡಿ. ಸಂಸಾರಕ್ಕೆ ಉಸಿರು ಕಟ್ಟುತ್ತಿದ್ದರೆ ಮಾತ್ರ ಕಂತು ಇಳಿಸಿಕೊಳ್ಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಸಾಲ ತೀರಿದ ದಿನ ಕೆಲಸ ಮುಗಿಯುವುದಿಲ್ಲ. ಮೂಲ ಕಾಗದಗಳು ಕೈಗೆ ಬರಬೇಕು, ಬೋಜಾ ಇಳಿಯಬೇಕು, ಋಣಭಾರ ಪತ್ರ ತೆಗೆಸಿ ನೋಡಬೇಕು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಎರಡು ಕಾಗದದ ಮುದ್ದತು ಕ್ರಯದಲ್ಲಿ ಗದ್ದೆ ಕಳೆದುಕೊಂಡವರ ಊರಿನವರಾದ ನಮಗೆ ಈ ನಿಯಮದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಕಾಗದದ ಮೇಲೆ ಯಾರ ಹೆಸರಿದೆ ಎಂಬುದನ್ನೂ ಒಮ್ಮೆ ಓದಿಕೊಳ್ಳಿ. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. ಆದರೆ ಗಂಡಹೆಂಡಿರು ಕೂಡಿ ಕಟ್ಟಿದ ಮನೆಯ ಪತ್ರದಲ್ಲಿ ಹೆಂಡತಿಯ ಹೆಸರು ತಾನಾಗಿ ಬರುವುದಿಲ್ಲ, ಬರೆಸಬೇಕು. ಹಂಡೆ ಕೊಟ್ಟವರು, ಬಳೆ ಕೊಟ್ಟವರು, ಹರಾಜಿನವರ ಬಾಗಿಲಿನಲ್ಲಿ ಹಸಿದು ಕುಳಿತವರು, ಸಂಜೆ ಪಾಠ ಹೇಳಿ ಐನೂರು ಕೂಡಿಸಿದವರು ಅಡವು ಬಿಡಿಸಿದ ಮನೆಗಳು ಇವು. ಅವರ ಹೆಸರಿಗೆ ಪತ್ರದಲ್ಲಿ ಒಂದು ಸಾಲಿನ ಜಾಗ ಸಾಕು.